ಹತ್ತಿರದ ದಡವೇ ಸರಿಯಾದ ದಡವಾ? ಫೆರಿ ಟರ್ಮಿನಲ್‌ಗೆ ಜಾಗ ಹುಡುಕುವ ಲೆಕ್ಕ

(ಪಾಡ್‌ಕಾಸ್ಟ್ ಎಪಿಸೋಡ್‌ನ ಲಿಖಿತ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ಫೋನ್ ಕೈಯಲ್ಲೇ ಉಂಟಲ್ಲ, ಮ್ಯಾಪ್ ತೆಗೀರಿ. ಗುಜರಾತ್‌ಗೆ ಹೋಗಿ. ಸೌರಾಷ್ಟ್ರಕ್ಕೂ ಸೂರತ್, ಭರೂಚ್ ಕಡೆಯ ನೆಲಕ್ಕೂ ನಡುವೆ ಸಮುದ್ರ ಬೆಣೆ ಹೊಡೆದ ಹಾಗೆ ಒಳಗೆ ನುಗ್ಗಿದೆ, ಕಾಣ್ತದಾ? ಅದು ಖಂಭಾತ್ ಕೊಲ್ಲಿ. ಅದರ ಎಡದಂಡೆಯಲ್ಲಿ, ಭಾವನಗರದ ಹತ್ತಿರ, ಘೋಘಾ ಅಂತ ಒಂದು ಹಳೇ ಬಂದರು ಊರು. ಅದಕ್ಕೆ ಸರಿಯಾಗಿ ಎದುರಿಗೆ, ಬಲದಂಡೆಯಲ್ಲಿ, ನರ್ಮದಾ ನದಿ ಸಮುದ್ರ ಸೇರುವ ಜಾಗದ ಪಕ್ಕ, ದಹೇಜ್.

ಈಗ ಒಂದು ಪ್ರಶ್ನೆ. ಈ ಕೊಲ್ಲಿ ದಾಟಿಸಲಿಕ್ಕೆ ಒಂದು ಫೆರಿ ಬೇಕು. ಜನ, ಕಾರು, ಲಾರಿ ಎಲ್ಲ ಹತ್ತಿಸಿಕೊಂಡು ಹೋಗುವಂಥದ್ದು. ಟರ್ಮಿನಲ್ ಎಲ್ಲಿ ಕಟ್ತೀರಿ?

ನಾನಾದ್ರೆ ಘೋಘಾದಲ್ಲಿ ಒಂದು, ದಹೇಜ್‌ನಲ್ಲಿ ಒಂದು ಅಂತ ಎರಡು ಸೆಕೆಂಡ್‌ನಲ್ಲಿ ಹೇಳ್ತಿದ್ದೆ. ನೀರಿನ ಮೇಲೆ 31 ಕಿಲೋಮೀಟರ್. ರಸ್ತೆಯಲ್ಲಾದ್ರೆ ಕೊಲ್ಲಿಯ ತುದಿಯವರೆಗೆ ಮೇಲೆ ಹೋಗಿ, ಸುತ್ತು ಹಾಕಿ, ಮತ್ತೆ ಕೆಳಗೆ ಬರಬೇಕು. ಏಳೆಂಟು ಗಂಟೆಯ ದಾರಿ. ಫೆರಿಯಲ್ಲಿ ಒಂದು ಗಂಟೆಗೆ ಸ್ವಲ್ಪ ಜಾಸ್ತಿ, ಅಷ್ಟೆ. ಇದಕ್ಕೆ ಸಮೀಕ್ಷೆ ಯಾಕೆ, ಕನ್ಸಲ್ಟೆಂಟ್ ಯಾಕೆ ಅಂತ ಅನ್ನಿಸ್ತದೆ.

ಗುಜರಾತ್ ಸರ್ಕಾರವೂ ಅಲ್ಲೇ ಕಟ್ಟಿತು. 2012ರಲ್ಲಿ ಶಂಕುಸ್ಥಾಪನೆ. 2017ರ ಅಕ್ಟೋಬರ್ 22ರಂದು ಪ್ರಧಾನಿ ಮೋದಿ ಮೊದಲ ಹಂತವನ್ನು ಉದ್ಘಾಟಿಸಿದ್ರು, ಬರೀ ಪ್ರಯಾಣಿಕರಿಗೆ. (ಅದೇ ಡಿಸೆಂಬರ್‌ನಲ್ಲಿ ಅಲ್ಲಿ ವಿಧಾನಸಭೆ ಚುನಾವಣೆ ಇತ್ತು, ಅದು ಬೇರೆ ವಿಷಯ.) ಮರುವರ್ಷ ಅಕ್ಟೋಬರ್‌ನಲ್ಲಿ ವಾಹನ ಸಾಗಿಸುವ ದೊಡ್ಡ ಹಡಗು ಶುರುವಾಯಿತು. ಯೋಜನೆಗೆ ಹೇಳಿದ ವೆಚ್ಚ 615 ಕೋಟಿ ರೂಪಾಯಿ. ಅದರಲ್ಲಿ 117 ಕೋಟಿ ಕೇಂದ್ರ ಸರ್ಕಾರ ಕೊಟ್ಟದ್ದು, ಹೂಳೆತ್ತುವ ಕೆಲಸಕ್ಕೆ. ಈ 117 ಕೋಟಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತದೆ.

2019ರ ಸೆಪ್ಟೆಂಬರ್‌ನಲ್ಲಿ ಫೆರಿ ನಿಂತುಹೋಯಿತು. ದೊಡ್ಡ ಹಡಗು ಓಡಿದ್ದು ಒಂದು ವರ್ಷಕ್ಕೂ ಕಡಿಮೆ. ಜನ ಬರಲಿಲ್ಲ ಅಂತ ಅಲ್ಲ, ಹಡಗು ಕೆಟ್ಟು ನಿಂತದ್ದೂ ಅಲ್ಲ. ದಹೇಜ್ ಕಡೆ ನೀರಿನ ಆಳ ಸಾಲಲಿಲ್ಲ. ಹೂಳು ತುಂಬಿತ್ತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2020ರ ನವೆಂಬರ್‌ನಲ್ಲಿ ಅದೇ ಘೋಘಾದಿಂದ ಮತ್ತೆ ಫೆರಿ ಹೊರಟಿತು. ಈ ಸಲ ದಹೇಜ್‌ಗೆ ಅಲ್ಲ, ಕೊಲ್ಲಿಯಲ್ಲಿ ತುಂಬ ಕೆಳಗೆ, ಸೂರತ್ ಪಕ್ಕದ ಹಜೀರಾಕ್ಕೆ. ಸಮುದ್ರದ ದಾರಿ 90 ಕಿಲೋಮೀಟರ್, ಮೊದಲಿನ ಮೂರು ಪಟ್ಟು. ಪ್ರಯಾಣ ಒಂದು ಗಂಟೆಯದ್ದು ಸುಮಾರು ನಾಲ್ಕು ಗಂಟೆ ಆಯಿತು. ಹಜೀರಾದಲ್ಲಿ ಹೊಸ ಟರ್ಮಿನಲ್ ಕಟ್ಟಲಿಕ್ಕೆ ಆದ ಅಂದಾಜು ಖರ್ಚು ಎಷ್ಟು ಗೊತ್ತಾ? 25 ಕೋಟಿ.

ನಾನು ಓದಿದ್ದು ಬಿಕಾಂ. ಸಮುದ್ರದ ಎಂಜಿನಿಯರಿಂಗ್ ನನ್ನ ವಿಷಯ ಅಲ್ಲ. ಆದರೆ 615ರ ಪಕ್ಕ 25 ಬರೆದಿಟ್ಟರೆ ಕಣ್ಣು ಅಲ್ಲಿಗೇ ಹೋಗ್ತದೆ. ಹೋಲಿಕೆ ಪೂರ್ತಿ ನ್ಯಾಯದ್ದಲ್ಲ, ಒಪ್ತೇನೆ. ಘೋಘಾ ಕಡೆಯ ಟರ್ಮಿನಲ್ ಆಗಲೇ ಕಟ್ಟಿ ಆಗಿತ್ತು, ಹೊಸ ಲೆಕ್ಕಕ್ಕೆ ಅದು ಫ್ರೀಯಾಗಿ ಸಿಕ್ಕಿದ ಹಾಗೆ. ಆದ್ರೂ ಹತ್ತಿರದ ದಡ ಬಿಟ್ಟು ದೂರದ ದಡಕ್ಕೆ ಹೋದದ್ದು ಯಾಕೆ ಅನ್ನುವ ಪ್ರಶ್ನೆ ಹಾಗೇ ಉಳೀತದೆ. ಇವತ್ತಿನ ಎಪಿಸೋಡ್ ಅದರ ಬಗ್ಗೆ.

ನೀರಿನ ಮಿನಿಮಮ್ ಬ್ಯಾಲೆನ್ಸ್

ಹಡಗು ನೀರಿನಲ್ಲಿ ಎಷ್ಟು ಮುಳುಗಿರ್ತದೋ ಅದಕ್ಕೆ ಡ್ರಾಫ್ಟ್ ಅಂತಾರೆ. ಖಾಲಿ ಇದ್ದಾಗ ಕಡಿಮೆ, ಲಾರಿ ತುಂಬಿದಾಗ ಜಾಸ್ತಿ. ಹಡಗಿನ ತಳಕ್ಕೂ ಸಮುದ್ರದ ನೆಲಕ್ಕೂ ನಡುವೆ ಒಂದಿಷ್ಟು ಜಾಗ ಇರಲೇಬೇಕು. ಅಲೆಗೆ ಹಡಗು ಮೇಲೆ ಕೆಳಗೆ ಆಗ್ತದೆ, ವೇಗವಾಗಿ ಹೋಗುವಾಗ ಸ್ವಲ್ಪ ಕೆಳಗೆ ಕೂರ್ತದೆ. ಸುಮ್ಮನೆ ಉದಾಹರಣೆಗೆ, ಡ್ರಾಫ್ಟ್ 4 ಮೀಟರ್, ಕೆಳಗೆ ಬಿಡುವ ಜಾಗ 1 ಮೀಟರ್ ಅಂತಿಟ್ಟುಕೊಳ್ಳಿ. ಆ ಟರ್ಮಿನಲ್‌ನಲ್ಲಿ 5 ಮೀಟರ್ ನೀರು ಬೇಕು.

ಆದರೆ ಯಾವಾಗಿನ 5 ಮೀಟರ್? ಬೆಳಿಗ್ಗೆಯದ್ದಾ, ಸಂಜೆಯದ್ದಾ? ಹುಣ್ಣಿಮೆಯದ್ದಾ, ಅಷ್ಟಮಿಯದ್ದಾ?

ಇಲ್ಲಿ ನನಗೆ ಗೊತ್ತಿಲ್ಲದ ಒಂದು ವಿಷಯ ಸಿಕ್ಕಿತು. ನೆಲದ ಮೇಲೆ ಬೆಟ್ಟದ ಎತ್ತರ, ಊರಿನ ಎತ್ತರ ಎಲ್ಲ ಅಳೆಯುವುದು ಸರಾಸರಿ ಸಮುದ್ರ ಮಟ್ಟದಿಂದ. ರೈಲ್ವೆ ಸ್ಟೇಷನ್ ಬೋರ್ಡಿನಲ್ಲಿ ನೋಡಿರ್ತೀರಿ. ಆದರೆ ನಾವಿಕರ ನಕ್ಷೆಯಲ್ಲಿ ಸಮುದ್ರದ ಆಳ ಬರೆಯುವಾಗ ಸರಾಸರಿ ಲೆಕ್ಕಕ್ಕೇ ಇಲ್ಲ. ಇಳಿತದಲ್ಲಿ ನೀರು ಅತಿ ಕೆಳಗೆ ಹೋಗುವ ಮಟ್ಟ ಯಾವುದೋ, ಹೆಚ್ಚುಕಡಿಮೆ ಅಲ್ಲಿಂದ ಅಳೀತಾರೆ. ಚಾರ್ಟ್ ಡೇಟಮ್ ಅಂತ ಹೆಸರು. ಬ್ಯಾಂಕ್ ಅಕೌಂಟಿನ ಮಿನಿಮಮ್ ಬ್ಯಾಲೆನ್ಸ್ ಇದ್ದ ಹಾಗೆ. ನಿಮ್ಮ ಅಕೌಂಟಿನಲ್ಲಿ ತಿಂಗಳ ಸರಾಸರಿ ಎಷ್ಟು ಅಂತ ಹೇಳಿದ್ರೆ ಹಡಗಿಗೆ ಉಪಯೋಗ ಇಲ್ಲ. 30ನೇ ತಾರೀಕು ಎಷ್ಟು ಉಳಿದಿರ್ತದೆ, ಅದು ಹೇಳಿ.

ಖಂಭಾತ್ ಕೊಲ್ಲಿಯ ತಾಪತ್ರಯ ಇಲ್ಲಿಂದಲೇ ಶುರು. ನಮ್ಮ ಮಂಗಳೂರಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ವ್ಯತ್ಯಾಸ ದೊಡ್ಡ ದಿನಗಳಲ್ಲೂ ಒಂದೂವರೆ ಮೀಟರ್ ಆಸುಪಾಸು. ಭಾವನಗರದ ಕಡೆ ಅಮಾವಾಸ್ಯೆ, ಹುಣ್ಣಿಮೆ ಹತ್ತಿರದ ದಿನಗಳಲ್ಲಿ ಅದು 10 ಮೀಟರ್. ಮೂರು ಮಹಡಿ ಮನೆಯಷ್ಟು ನೀರು ಆರು ಗಂಟೆಯಲ್ಲಿ ಏರ್ತದೆ, ಮತ್ತೆ ಆರು ಗಂಟೆಯಲ್ಲಿ ಇಳೀತದೆ. ಕೊಲ್ಲಿ ಬಾಯಿ ಹತ್ತಿರ ಅಗಲ, ಒಳಗೆ ಹೋದ ಹಾಗೆ ಕಿರಿದು, ಮೇಲಾಗಿ ಆಳವೂ ಕಡಿಮೆ. ಹೊರಗಿನಿಂದ ನುಗ್ಗಿದ ನೀರಿಗೆ ಪಕ್ಕಕ್ಕೆ ಹೋಗಲಿಕ್ಕೆ ಜಾಗ ಇಲ್ಲ, ಮೇಲಕ್ಕೇ ಏರಬೇಕು.

ಇದೇ ಕಾರಣಕ್ಕೆ ಭಾವನಗರದ ಬಂದರಿನಲ್ಲಿ ಲಾಕ್ ಗೇಟ್ ಉಂಟು. ಉಬ್ಬರದಲ್ಲಿ ಹಡಗು ಒಳಗೆ ಬಂದ ಮೇಲೆ ಗೇಟು ಮುಚ್ಚಿ ನೀರು ಹಿಡಿದಿಡ್ತಾರೆ, ಇಲ್ಲದಿದ್ರೆ ಹಡಗು ಕೆಸರಲ್ಲಿ ಕೂರ್ತದೆ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಅಲಂಗ್. ಹಳೇ ಹಡಗು ಒಡೆಯುವ ಜಾಗ, ರೀಲ್ಸ್‌ನಲ್ಲಿ ನೋಡಿರಬಹುದು. ದೊಡ್ಡ ಉಬ್ಬರದ ದಿನ ಹಡಗನ್ನು ಪೂರ್ತಿ ವೇಗದಲ್ಲಿ ದಡಕ್ಕೆ ನುಗ್ಗಿಸ್ತಾರೆ. ನೀರು ಇಳಿದಾಗ ಹಡಗು ಒಣನೆಲದ ಮೇಲೆ. ಹಡಗು ಒಡೆಯುವವನಿಗೆ ವರವಾದದ್ದೇ ಫೆರಿ ಓಡಿಸುವವನಿಗೆ ತಲೆನೋವು.

ಇಷ್ಟು ವ್ಯತ್ಯಾಸ ಇರುವಲ್ಲಿ ಲಾರಿ ಹತ್ತಿಸುವುದು ಹೇಗೆ? ಧಕ್ಕೆ ಒಂದೇ ಎತ್ತರದಲ್ಲಿ ನಿಂತಿರ್ತದೆ, ಹಡಗು ಬೆಳಿಗ್ಗೆ ಅದರ ಸಮಕ್ಕೆ, ಮಧ್ಯಾಹ್ನ ಮೂರು ಮಹಡಿ ಕೆಳಗೆ. ಹಾಗಾಗಿ ಘೋಘಾ, ದಹೇಜ್ ಎರಡೂ ಕಡೆ ಲಿಂಕ್‌ಸ್ಪ್ಯಾನ್ ಹಾಕಿದ್ರು. ಒಂದು ತುದಿ ದಡಕ್ಕೆ ಕೀಲು ಹಾಕಿದ, ಇನ್ನೊಂದು ತುದಿ ತೇಲುವ ಪಾಂಟೂನ್ ಮೇಲೆ ಕೂತ ಉದ್ದದ ಉಕ್ಕಿನ ಸೇತುವೆ. ನೀರಿನ ಜೊತೆ ಅದರ ಹೊರತುದಿಯೂ ಏರಿ ಇಳೀತದೆ. ನೀರು ಎಷ್ಟು ಕೆಳಗಿಳಿದ್ರೂ ಲಾರಿ ಹತ್ತುವಷ್ಟು ಹಿತವಾದ ಇಳಿಜಾರು ಬೇಕು ಅಂದ್ರೆ ಸೇತುವೆ ಭಾರೀ ಉದ್ದ ಇರಬೇಕು. ಖರ್ಚೂ ಅದೇ ಅಳತೆಯಲ್ಲಿ ಬೆಳೀತದೆ. ಮಂಗಳೂರಿನಲ್ಲಿ ಇದೇ ಕೆಲಸಕ್ಕೆ ಸಣ್ಣದೊಂದು ರ‍್ಯಾಂಪ್ ಸಾಕು. ಅಂದ್ರೆ ಜಾಗ ಆರಿಸಿದ ಕ್ಷಣದಲ್ಲೇ ಅರ್ಧ ಬಿಲ್ಲು ಬರೆದು ಆಗಿರ್ತದೆ.

ಹೂಳು ಅನ್ನುವ ಇಎಂಐ

ಈಗ ಆ 117 ಕೋಟಿಗೆ ಬರುವ.

ಖಂಭಾತ್ ಕೊಲ್ಲಿಗೆ ಸಾಬರಮತಿ, ಮಹಿ, ನರ್ಮದಾ, ತಾಪಿ ನಾಲ್ಕೂ ಬಂದು ಸೇರ್ತವೆ. ಸಾವಿರಾರು ವರ್ಷದಿಂದ ತಂದು ಹಾಕಿದ ಮಣ್ಣು ತಳದಲ್ಲಿ ಉಂಟು. ಅದರ ಮೇಲೆ ದಿನಾ ಎರಡು ಸಲ 10 ಮೀಟರ್ ನೀರು ಒಳಗೆ ಓಡಿ ಹೊರಗೆ ಓಡ್ತದೆ. ಮಣ್ಣು ಯಾವಾಗ್ಲೂ ಎದ್ದೇ ಇರ್ತದೆ, ನೀರಿನ ಬಣ್ಣವೇ ಚಹಾದ್ದು.

ಒಂದು ಪಾತ್ರೆಯಲ್ಲಿ ಕೆಸರು ನೀರು ತಿರುಗಿಸ್ತಾ ಇರಿ, ಮಣ್ಣು ಕೆಳಗೆ ಕೂರುವುದಿಲ್ಲ. ತಿರುಗಿಸುವುದು ನಿಲ್ಲಿಸಿದ್ರೆ ಹತ್ತು ನಿಮಿಷದಲ್ಲಿ ತಳ ಸೇರ್ತದೆ. ಫೆರಿಗೆ ನಿಲ್ಲಲಿಕ್ಕೆ ಏನು ಬೇಕು? ಅಲುಗಾಡದ, ಆಳವಾದ ನೀರು. ಅದಕ್ಕಾಗಿ ನೀವು ತಳದಲ್ಲಿ ಒಂದು ಗುಂಡಿ ತೋಡ್ತೀರಿ. ಅಲ್ಲಿ ನೀರಿನ ಓಟ ನಿಧಾನ ಆಗ್ತದೆ. ಓಟ ನಿಧಾನ ಆದ ಕಡೆಯೇ ಮಣ್ಣು ಕೂರುವುದು. ಅಂದ್ರೆ ಫೆರಿಗೆ ಹಿತವಾದ ಜಾಗ ಮಾಡಿದಷ್ಟೂ ಹೂಳಿಗೂ ಅದೇ ಹಿತವಾದ ಜಾಗ. ದಹೇಜ್ ಬೇರೆ ನರ್ಮದೆಯ ಬಾಯಿಯ ಪಕ್ಕದಲ್ಲೇ ಇದೆ.

ನನಗೆ ಈ ಇಡೀ ಕಥೆಯಲ್ಲಿ ದೊಡ್ಡ ವಿಷಯ ಅಂತ ಕಂಡದ್ದು ಇದು. ಹೂಳೆತ್ತುವ ಖರ್ಚನ್ನು ಯೋಜನೆಯ ಪಟ್ಟಿಯಲ್ಲಿ ಕಟ್ಟಡದ ಜೊತೆ ಸೇರಿಸಿ ಬರೀತಾರೆ, ಒಂದೇ ಸಲದ ಖರ್ಚು ಅನ್ನುವ ಹಾಗೆ. ಬಂಡವಾಳ ವೆಚ್ಚ. ಆದರೆ ಹೂಳು ತುಂಬುವ ಕೊಲ್ಲಿಯಲ್ಲಿ ಅದು ಬಂಡವಾಳ ಅಲ್ಲ, ಬಾಡಿಗೆ. ಸಮುದ್ರಕ್ಕೆ ಕೊಡುವ ಬಾಡಿಗೆ. ಪ್ರತಿ ವರ್ಷ, ಕೆಲವು ಕಡೆ ವರ್ಷಪೂರ್ತಿ. ಅದನ್ನು ಯಾರು ಕೊಡುವುದು? ಫೆರಿ ಓಡಿಸುವ ಖಾಸಗಿ ಕಂಪನಿ ಟಿಕೆಟ್ ಹಣದಲ್ಲಿ ಹಡಗು, ಡೀಸೆಲ್, ಸಂಬಳ ನೋಡಿಕೊಳ್ಳಬಹುದು. ಅದರ ಮೇಲೆ ಡ್ರೆಜ್ಜರ್‌ನ ಬಿಲ್ಲನ್ನೂ ಹಾಕಿದ್ರೆ ಟಿಕೆಟ್ ಬಸ್ಸಿಗಿಂತ ಎಷ್ಟೋ ದುಬಾರಿ ಆಗ್ತದೆ. ಸರ್ಕಾರ ಕೊಡ್ತದೆ ಅಂದ್ರೆ ಪ್ರತಿ ಬಜೆಟ್‌ನಲ್ಲಿ ಆ ಹಣ ಇಡಬೇಕು. ರಿಬ್ಬನ್ ಕತ್ತರಿಸಲಿಕ್ಕೆ ಮುಖ್ಯಮಂತ್ರಿ ಬರ್ತಾರೆ, ಹೂಳೆತ್ತಲಿಕ್ಕೆ ಯಾರ ಫೋಟೋವೂ ಇಲ್ಲ.

ಒಬ್ಬರು ಕೇಳುಗರು ಹಿಂದೊಮ್ಮೆ ಕೇಳಿದ್ರು, ಆಳ ಕಡಿಮೆ ಆದ್ರೆ ಉಬ್ಬರದ ಹೊತ್ತಿಗೆ ಮಾತ್ರ ಫೆರಿ ಬಿಡಬಹುದಲ್ಲಾ ಅಂತ. ಬಿಡಬಹುದು. ತೊಂದರೆ ಏನಂದ್ರೆ ಉಬ್ಬರ ಪ್ರತಿ ದಿನ ಸುಮಾರು 50 ನಿಮಿಷ ತಡವಾಗಿ ಬರ್ತದೆ, ಅದು ಚಂದ್ರನ ಟೈಮ್‌ಟೇಬಲ್. ಇವತ್ತು 8 ಗಂಟೆಗೆ ಫೆರಿ, ನಾಳೆ 8.50ಕ್ಕೆ, ನಾಡಿದ್ದು 9.40ಕ್ಕೆ. ವಾರ ಕಳೆದ್ರೆ ಬೆಳಗಿನ ಫೆರಿ ಮಧ್ಯಾಹ್ನದ ಫೆರಿ. ಪ್ರವಾಸಿಗರು ನೋಡಿಕೊಂಡು ಬಂದಾರು. ಆಫೀಸಿಗೆ ಹೋಗುವವ, ಹಾಲಿನ ಗಾಡಿ, ಫ್ಯಾಕ್ಟರಿಗೆ ಹೊತ್ತಿಗೆ ಸರಿಯಾಗಿ ಮಾಲು ಮುಟ್ಟಿಸಬೇಕಾದ ಲಾರಿ ಇವರ್ಯಾರೂ ಇಂಥ ಫೆರಿ ನಂಬಿಕೊಂಡು ಬದುಕಲಿಕ್ಕೆ ಆಗುವುದಿಲ್ಲ.

ಯಾರು ಎಲ್ಲಿಂದ ಎಲ್ಲಿಗೆ

ಹಾಗಾದ್ರೆ ಹಜೀರಾ. ಅದೂ ತಾಪಿ ನದಿಯ ಬಾಯಿ ಹತ್ತಿರವೇ, ಹೂಳು ಇಲ್ಲವೇ ಇಲ್ಲ ಅಂತಲ್ಲ. ಆದರೆ ಅದು ಕೊಲ್ಲಿಯ ತೆರೆದ ಬಾಯಿಯ ಕಡೆ. ಉಬ್ಬರ ಇಳಿತದ ಆರ್ಭಟ ಒಳಗಿನಷ್ಟಿಲ್ಲ. ಅದಕ್ಕಿಂತ ಮುಖ್ಯ, ಅಲ್ಲಿ ದೊಡ್ಡ ಹಡಗುಗಳು ಬರುವ ಕೈಗಾರಿಕಾ ಬಂದರು ಮೊದಲೇ ಇತ್ತು. ಎಲ್‌ಎನ್‌ಜಿ ಟ್ಯಾಂಕರ್ ಬರುವ ಕಡೆ ನೀರಿನ ದಾರಿಯನ್ನು ಆಳವಾಗಿ ಇಟ್ಟುಕೊಳ್ಳುವ ಅಗತ್ಯ ಬೇರೆಯವರಿಗೂ ಇರ್ತದೆ. ಬಾಡಿಗೆ ಹಂಚಿಕೊಳ್ಳುವ ರೂಮ್‌ಮೇಟ್ ಸಿಕ್ಕಿದ ಹಾಗೆ.

ಇನ್ನೊಂದು ಲೆಕ್ಕ ನೀರಿನದ್ದಲ್ಲ, ಜನರದ್ದು. ಸೂರತ್‌ನ ವಜ್ರ ಉಜ್ಜುವ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಲ್ಲಿ ದೊಡ್ಡ ಪಾಲು ಸೌರಾಷ್ಟ್ರದವರು. ಭಾವನಗರ, ಅಮ್ರೇಲಿ ಕಡೆಯ ಹಳ್ಳಿಗಳವರು. ದೀಪಾವಳಿ ರಜೆಗೆ ಇಡೀ ಊರಿಗೆ ಊರೇ ಬಸ್ಸು ಹತ್ತುತ್ತದೆ. ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬರುವ ನಮ್ಮವರ ಶುಕ್ರವಾರ ರಾತ್ರಿ ನೆನಪು ಮಾಡಿಕೊಳ್ಳಿ, ಅದೇ. ಈ ಮನುಷ್ಯನಿಗೆ ಬೇಕಾದದ್ದು ಸೂರತ್. ದಹೇಜ್ ಅಲ್ಲ. ದಹೇಜ್ ಅಂದ್ರೆ ರಾಸಾಯನಿಕ ಕಾರ್ಖಾನೆಗಳ ಊರು. ಅಲ್ಲಿ ಇಳಿದ ಮೇಲೆ ಭರೂಚ್ ಕಡೆ ಹೋಗಿ, ಹೆದ್ದಾರಿ ಹಿಡಿದು, ಮತ್ತೆ ಸೂರತ್‌ಗೆ ಬರಬೇಕು. ಹಜೀರಾದಲ್ಲಿ ಇಳಿದ್ರೆ ಸೂರತ್ ಬಂದೇಬಿಟ್ಟಿತು.

ಹಾಗಾಗಿ ಹೋಲಿಸಬೇಕಾದ್ದು 31ಕ್ಕೂ 90ಕ್ಕೂ ಅಲ್ಲ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎಷ್ಟು ಹೊತ್ತು, ಎಷ್ಟು ಕೈ ಬದಲಾಯಿಸಬೇಕು, ಇಳಿದ ಕಡೆ ರಿಕ್ಷಾ ಸಿಗ್ತದಾ. ಘೋಘಾ–ಹಜೀರಾ ದಾರಿಗೆ ಸರ್ಕಾರ ಕೊಟ್ಟ ಲೆಕ್ಕದಲ್ಲಿ ರಸ್ತೆಯ 370 ಕಿಲೋಮೀಟರ್ 90 ಆಯಿತು, ಸರಕು ಸಾಗಣೆಯ 10–12 ಗಂಟೆ ನಾಲ್ಕು ಆಯಿತು. ಹಡಗಿನಲ್ಲಿ 30 ಲಾರಿ, 100 ಕಾರು, 500 ಜನ. ಲಾರಿ ಡ್ರೈವರ್‌ಗೆ ಆ ನಾಲ್ಕು ಗಂಟೆ ನಿದ್ದೆ ಬೇರೆ ಸಿಗ್ತದೆ, ಅದನ್ನು ಯಾವ ವರದಿಯಲ್ಲೂ ಯಾರೂ ಬರೆಯುವುದಿಲ್ಲ.

ದಹೇಜ್ ಆರಿಸಿದವರಿಗೆ ಇದೆಲ್ಲ ಗೊತ್ತಿರಲಿಲ್ವಾ? ಹೂಳಿನ ವಿಷಯ ಗೊತ್ತಿತ್ತು, ಇಲ್ಲದಿದ್ರೆ 117 ಕೋಟಿ ಯಾಕೆ. ನನಗನ್ನಿಸುವುದು, ನಕ್ಷೆಯ ಮೇಲಿನ ಆ ಸಣ್ಣ ಗೆರೆಗೆ ಒಂದು ಆಕರ್ಷಣೆ ಇರ್ತದೆ. ಏಳೆಂಟು ಗಂಟೆ ಒಂದು ಗಂಟೆ ಆಯಿತು ಅಂತ ವೇದಿಕೆಯಲ್ಲಿ ಹೇಳಲಿಕ್ಕೆ ಚಂದ. ಇದು ನನ್ನ ಅಭಿಪ್ರಾಯ, ದಾಖಲೆ ಅಲ್ಲ.

ಮುಂಬೈ: ದಡದ ಮೇಲೆ ಇರುವವರು

ಗುಜರಾತ್‌ನಲ್ಲಿ ನೀರಿನ ಕೆಳಗಿನ ಮಣ್ಣೇ ಖಳನಾಯಕ. ಇನ್ನೂ ದಕ್ಷಿಣಕ್ಕೆ ಬಂದ್ರೆ ಬೇರೆ ತರದ ಜಗಳ ಕಾಣ್ತದೆ. ಮುಂಬೈಯಿಂದ ಅಲಿಬಾಗ್ ಕಡೆಯ ಮಾಂಡ್ವಾಕ್ಕೆ ವಾಹನ ಸಮೇತ ಹೋಗುವ ಫೆರಿ 2020ರ ಮಾರ್ಚ್ 15ರಂದು ಶುರುವಾಯಿತು, ಲಾಕ್‌ಡೌನ್‌ಗೆ ಹತ್ತು ದಿನ ಮುಂಚೆ, ಪಾಪ. ಮುಂಬೈ ಅಂದ್ರೆ ಎಲ್ಲರಿಗೂ ನೆನಪಾಗುವ ಧಕ್ಕೆ ಗೇಟ್‌ವೇ ಆಫ್ ಇಂಡಿಯಾ. ಆದರೆ ಈ ಫೆರಿ ಹೊರಡುವುದು ಮಜಗಾಂವ್ ಹತ್ತಿರದ ಭಾವುಚಾ ಧಕ್ಕಾದಿಂದ. ಕಾರುಗಳು ಸಾಲಾಗಿ ನಿಲ್ಲಲಿಕ್ಕೆ ಜಾಗ ಬೇಕು, ಬೇಗ ಹೊರಗೆ ಹೋಗಲಿಕ್ಕೆ ರಸ್ತೆ ಬೇಕು. ಈಸ್ಟರ್ನ್ ಫ್ರೀವೇ ಅಲ್ಲೇ ಹತ್ತಿರ. ಕೊಲಾಬಾದ ಕಿರಿದಾದ ಬೀದಿಗಳಲ್ಲಿ ನೂರಿನ್ನೂರು ಕಾರು ಫೆರಿಗೆ ಕಾಯ್ತಾ ನಿಂತ್ರೆ ಏನಾದೀತು, ಊಹೆ ಮಾಡಿ.

ಆಚೆ ಕಡೆ ಮಾಂಡ್ವಾದಲ್ಲಿ ತೊಂದರೆ ಅಲೆಯದ್ದು. ಅರಬ್ಬಿ ಸಮುದ್ರ ಜೂನ್‌ನಿಂದ ಹೇಗಿರ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಅಲೆ ತಡೆಯಲಿಕ್ಕೆ ಕಲ್ಲಿನ ಬ್ರೇಕ್‌ವಾಟರ್ ಹಾಕಿದ್ದಾರೆ. ಬ್ರೇಕ್‌ವಾಟರ್ ಒಳಗೆ ನೀರು ಶಾಂತ, ಶಾಂತ ಆದ ಕಡೆ ಹೂಳು. ಅಲ್ಲಿಯೂ ಹೂಳೆತ್ತುವುದು ತಪ್ಪಿಲ್ಲ.

ಇನ್ನು ಗೇಟ್‌ವೇ. ಅಲ್ಲಿನ ಹಳೇ ಧಕ್ಕೆಗಳಲ್ಲಿ ನೂಕುನುಗ್ಗಲು ಅಂತ ಮಹಾರಾಷ್ಟ್ರ ಮ್ಯಾರಿಟೈಮ್ ಬೋರ್ಡ್ ರೇಡಿಯೋ ಕ್ಲಬ್ ಪಕ್ಕದಲ್ಲಿ 229 ಕೋಟಿಯ ಹೊಸ ಜೆಟ್ಟಿ, ಟರ್ಮಿನಲ್ ಯೋಜನೆ ತಂದಿತು. ಗೇಟ್‌ವೇಯಿಂದ ಸುಮಾರು 280 ಮೀಟರ್ ದೂರ. ಕೊಲಾಬಾದ ನಿವಾಸಿಗಳು ಕೋರ್ಟಿಗೆ ಹೋದ್ರು. ಪಾರಂಪರಿಕ ಪ್ರದೇಶ, ಟ್ರಾಫಿಕ್, ನಮ್ಮನ್ನು ಕೇಳಲೇ ಇಲ್ಲ ಅಂತ. 2025ರ ಜುಲೈಯಲ್ಲಿ ಬಾಂಬೆ ಹೈಕೋರ್ಟ್ ಯೋಜನೆ ಎತ್ತಿಹಿಡಿಯಿತು, ಆದರೆ ಕೆಲವು ಷರತ್ತು ಹಾಕಿತು. ಒಳಗೆ ಮಾಡಲು ಹೊರಟಿದ್ದ ಆ್ಯಂಫಿಥಿಯೇಟರ್ ಪ್ರಯಾಣಿಕರು ಕಾಯಲಿಕ್ಕೆ ಮಾತ್ರ, ಕೆಫೆಯಲ್ಲಿ ನೀರು ಮತ್ತು ಪ್ಯಾಕ್ ಮಾಡಿದ ತಿಂಡಿ ಮಾತ್ರ. ಸುಪ್ರೀಂ ಕೋರ್ಟೂ ಅಡ್ಡ ಬರಲಿಲ್ಲ.

ಆ ಷರತ್ತು ಓದಿದಾಗ ನನಗೆ ನಗು ಬಂತು, ಆಮೇಲೆ ಅರ್ಥ ಆಯಿತು. ದೋಣಿ ಹತ್ತಿಸುವ ಜಾಗ ಅಂತ ಒಪ್ಪಿಗೆ ಪಡೆದದ್ದು ನಿಧಾನಕ್ಕೆ ಫುಡ್ ಕೋರ್ಟ್ ಆಗಬಾರದು, ಅಷ್ಟೇ. ಸಮುದ್ರದ ಅಂಚಿನಲ್ಲಿ ಸಿಆರ್‌ಝಡ್ ನಿಯಮದ ಪ್ರಕಾರ ಹೋಟೆಲ್ ಕಟ್ಟಲಿಕ್ಕೆ ಬಿಡದ ಕಡೆಯೂ ಜೆಟ್ಟಿಗೆ ಅನುಮತಿ ಸಿಗಬಹುದು, ಯಾಕಂದ್ರೆ ಜೆಟ್ಟಿಗೆ ನೀರಿನ ಅಂಚೇ ಬೇಕು. ಆ ರಿಯಾಯಿತಿ ಯಾವುದಕ್ಕೆ ಕೊಟ್ಟದ್ದೋ ಅದಕ್ಕೇ ಬಳಸಬೇಕು.

ಕೊಚ್ಚಿಯದ್ದು ಇದಕ್ಕೆಲ್ಲ ತಿರುಗುಮುರುಗು. 2023ರ ಏಪ್ರಿಲ್‌ನಲ್ಲಿ ಶುರುವಾದ ವಾಟರ್ ಮೆಟ್ರೊಗೆ 10 ದ್ವೀಪ ಸೇರಿಸುವ 38 ಟರ್ಮಿನಲ್‌ಗಳ ಯೋಜನೆ. ಹಿನ್ನೀರು, ಅಲೆ ಇಲ್ಲ, ಉಬ್ಬರ ಇಳಿತದ ವ್ಯತ್ಯಾಸ ಒಂದು ಮೀಟರ್ ಆಸುಪಾಸು. ತೇಲುವ ಪಾಂಟೂನ್ ಹಾಕಿದ್ರೆ ಬೋಟೂ ಪ್ಲಾಟ್‌ಫಾರ್ಮೂ ಒಟ್ಟಿಗೇ ಏರಿ ಇಳೀತವೆ, ವೀಲ್‌ಚೇರ್ ನೇರ ಒಳಗೆ ಹೋಗ್ತದೆ. ಅಲ್ಲಿನ ದ್ವೀಪಗಳವರು ತಲೆಮಾರುಗಳಿಂದ ದೋಣಿಯಲ್ಲೇ ಓಡಾಡಿದವರು. ಜನ ಬರ್ತಾರಾ ಅನ್ನುವ ಪ್ರಶ್ನೆಗೆ ಉತ್ತರ ಮೊದಲೇ ನೀರಿನ ಮೇಲೆ ಬರೆದಿತ್ತು.

ನಮ್ಮ ಅಳಿವೆ ಬಾಗಿಲು

ನಾನು ಈ ವಿಷಯ ಯಾಕೆ ಹಿಡಿದೆ ಅಂದ್ರೆ, ಮಂಗಳೂರಿನಲ್ಲೂ ವಾಟರ್ ಮೆಟ್ರೊ ಮಾತು ಶುರುವಾಗಿದೆ. ನೇತ್ರಾವತಿ, ಗುರುಪುರ ನದಿಗಳಲ್ಲಿ ಓಡಿಸುವ ಯೋಜನೆಯನ್ನು ಕರ್ನಾಟಕ ಮ್ಯಾರಿಟೈಮ್ ಬೋರ್ಡ್ ಮುಂದಿಟ್ಟಿದೆ. ಎಲ್ಲಿ ಎಲ್ಲಿ ಜೆಟ್ಟಿ ಅನ್ನುವ ಚುಕ್ಕಿಗಳನ್ನು ನಕ್ಷೆಯ ಮೇಲೆ ಇಡುವ ಹೊತ್ತು ಇದು. ಒಮ್ಮೆ ಕಾಂಕ್ರೀಟ್ ಬಿದ್ದ ಮೇಲೆ ಚುಕ್ಕಿ ಸರಿಯುವುದಿಲ್ಲ.

ಎರಡು ನದಿಗಳೂ ಒಂದೇ ಅಳಿವೆಯಲ್ಲಿ ಸಮುದ್ರ ಸೇರ್ತವೆ. ಒಂದು ಬದಿ ಉಳ್ಳಾಲ, ಇನ್ನೊಂದು ಬದಿ ಬೆಂಗ್ರೆ. ಇಲ್ಲಿ ಖಂಭಾತ್‌ನ 10 ಮೀಟರ್ ಇಲ್ಲ, ಆದರೆ ಹೊಯಿಗೆ ಉಂಟು. ಮಳೆಗಾಲದಲ್ಲಿ ನದಿ ತಂದದ್ದು, ಸಮುದ್ರ ತಳ್ಳಿದ್ದು ಎಲ್ಲ ಸೇರಿ ಅಳಿವೆ ಬಾಗಿಲಿನಲ್ಲಿ ದಿಬ್ಬ ಆಗ್ತದೆ. ಮೀನುಗಾರಿಕೆ ಬೋಟುಗಳು ಅಲ್ಲಿ ಮಗುಚಿದ ಸುದ್ದಿ ನಾವೆಲ್ಲ ಓದಿದವರೇ. ಬ್ರೇಕ್‌ವಾಟರ್ ಹಾಕಿದ್ರೆ ಹೊಯಿಗೆ ಒಂದು ಬದಿ ನಿಲ್ತದೆ, ಇನ್ನೊಂದು ಬದಿ ತೀರ ಕರಗ್ತದೆ. ಉಳ್ಳಾಲದ ಕಡಲ್ಕೊರೆತದ ಚರ್ಚೆಯಲ್ಲಿ ಈ ಮಾತು ಎಷ್ಟು ಸಲ ಬಂದಿದೆಯೋ.

ಬೆಂಗ್ರೆಯವರಿಗೆ ವಾಟರ್ ಮೆಟ್ರೊ ಹೊಸ ಐಡಿಯಾ ಏನಲ್ಲ. ಬೆಂಗ್ರೆ ಅಂದ್ರೆ ನದಿಗೂ ಸಮುದ್ರಕ್ಕೂ ನಡುವಿನ ಹೊಯಿಗೆಯ ಪಟ್ಟಿ. ಎದುರು ದಡದಲ್ಲೇ ಬಂದರ್, ಪೇಟೆ, ಶಾಲೆ, ಆಸ್ಪತ್ರೆ. ರಸ್ತೆಯಲ್ಲಾದ್ರೆ ತಣ್ಣೀರುಬಾವಿ, ಕೂಳೂರು ಸೇತುವೆ ಅಂತ ಸುತ್ತಬೇಕು. ಬೋಟಿನಲ್ಲಿ ಕೆಲವೇ ನಿಮಿಷ. ಹಾಗಾಗಿ ದಿನಾ ಬೋಟು.

ಈ ಎಪಿಸೋಡ್‌ಗಾಗಿ ನಾನೂ ಒಂದು ಬೆಳಿಗ್ಗೆ ಹೋಗಿ ಬಂದೆ. ಯೂನಿಫಾರ್ಮ್ ಮಕ್ಕಳು, ಮೀನಿನ ಬುಟ್ಟಿ, ಒಂದು ಸ್ಟೌವ್ ರಿಪೇರಿಗೆ. ಯಾರೂ ಟೈಮ್‌ಟೇಬಲ್ ನೋಡುವುದಿಲ್ಲ. ಬೋಟು ಬರ್ತದೆ ಅಂತ ಗೊತ್ತು. ಆಚೆ ದಡದಲ್ಲಿ ಬೋಟು ನಿಲ್ಲುವ ಜಾಗಕ್ಕಿಂತ ಸ್ವಲ್ಪ ಮೇಲೆ ಒಳ್ಳೆ ಖಾಲಿ ಜಾಗ ಕಂಡಿತು, ರಸ್ತೆಗೂ ಹತ್ತಿರ. ನಕ್ಷೆ ನೋಡಿ ಚುಕ್ಕಿ ಇಡುವವರು ಅಲ್ಲೇ ಇಡ್ತಾರೆ, ನಾನೂ ಅಲ್ಲೇ ಇಡ್ತಿದ್ದೆ. ಬೋಟಿನವರನ್ನು ಕೇಳಿದೆ, "ಅಣ್ಣಾ, ಅಲ್ಲಿ ಯಾಕೆ ನಿಲ್ಲಿಸುವುದಿಲ್ಲ?"

"ಅಲ್ಲಿ ಇಳಿತಕ್ಕೆ ಹೊಯಿಗೆ ಮೇಲೆ ಬರ್ತದೆ ಮಾರಾಯ್ರೆ. ಬೋಟು ಕೂತ್ರೆ ಮತ್ತೆ ನೀರು ಬರುವವರೆಗೆ ನೀವೂ ಕೂತ್ಕೊಳ್ಬೇಕು."

ಚಾರ್ಟ್ ಡೇಟಮ್ ಅಂದ್ರೆ ಇದೇ. ಅವರಿಗೆ ಸಮೀಕ್ಷೆಯ ಅಗತ್ಯ ಇಲ್ಲ ಅಂತ ನಾನು ಹೇಳ್ತಿಲ್ಲ. ನೂರು ಜನ ಹತ್ತುವ ಬೋಟಿಗೆ ಎಕೋ ಸೌಂಡರ್ ಹಾಕಿ ಆಳ ಅಳೆಯಲೇಬೇಕು. ಒಂದು ಸಲ ಅಲ್ಲ, ಮಳೆಗಾಲದ ಮುಂಚೆ ಒಂದು, ನಂತರ ಒಂದು. ಆದರೆ ಎಲ್ಲಿ ಅಳೆಯಬೇಕು ಅಂತ ಅವರನ್ನು ಮೊದಲು ಕೇಳಿದ್ರೆ ಕೆಲಸ ಅರ್ಧ ಆಗ್ತದೆ.

ಯೋಜನಾ ವರದಿ ಹೊರಗೆ ಬಂದ ದಿನ ನಾನು ಹುಡುಕುವುದು ಜೆಟ್ಟಿಯ ಬಣ್ಣದ ಚಿತ್ರ ಅಲ್ಲ. ಹೂಳೆತ್ತುವ ಖರ್ಚು ಯಾವ ಕಾಲಂನಲ್ಲಿದೆ ಅಂತ ನೋಡ್ತೇನೆ, ಒಂದು ಸಲದ್ದಾ, ಪ್ರತಿ ವರ್ಷದ್ದಾ, ಕೊಡುವವರು ಯಾರು. ಆಮೇಲೆ, ಈಗ ಬೋಟು ಓಡಿಸುವವರ ಗತಿ ಏನು, ಟಿಕೆಟ್ ಈಗಿನದ್ದಕ್ಕಿಂತ ಎಷ್ಟು ಜಾಸ್ತಿ, ಮೀನು ಇಳಿಸುವ ಜಾಗ ಯಾರದ್ದಾದ್ರೂ ಹೋಗ್ತದಾ. ನಿಮಗೆ ವರದಿ ನನಗಿಂತ ಮುಂಚೆ ಸಿಕ್ಕಿದ್ರೆ ದಯವಿಟ್ಟು ಕಳಿಸಿ.

ವಾಪಸ್ ಬರುವಾಗ ಅದೇ ಬೋಟಿನವರನ್ನು ಇನ್ನೊಂದು ಮಾತು ಕೇಳಿದೆ, ಮಳೆಗಾಲದಲ್ಲಿ ನೀರಿನ ಓಟ ಹೇಗಿರ್ತದೆ, ಬೋಟು ನಿಲ್ಲುವ ಜಾಗ ಬದಲಾಗ್ತದಾ ಅಂತ. ಅವರು ಹಗ್ಗ ಎಳೀತಾ, ಮುಖ ಕೂಡ ತಿರುಗಿಸದೆ, "ಜುಲೈಯಲ್ಲಿ ಬನ್ನಿ, ನೋಡಿಯೇ ಬರೀರಿ" ಅಂದ್ರು.

ಜುಲೈಯಲ್ಲಿ ಹೋಗ್ತೇನೆ. ರೆಕಾರ್ಡರ್‌ಗೆ ಒಂದು ಪ್ಲಾಸ್ಟಿಕ್ ಕವರ್ ತಕೊಳ್ಬೇಕು.